ಒಡಕು ಚೊಂಬು ಮತ್ತು ಮೂರನೇ ಬೆಂಚು

ನನ್ನ ಟೂಲ್ ಬ್ಯಾಗಿನಲ್ಲಿ ಮೀಟರು, ಬೆಸುಗೆ ಕಡ್ಡಿ, ನಾಲ್ಕಾರು ಸ್ಕ್ರೂಡ್ರೈವರ್‌ಗಳ ನಡುವೆ ಒಂದು ನೀಲಿ ಪ್ಲಾಸ್ಟಿಕ್ ಚೊಂಬು ಇದೆ. ತಳ ಒಡೆದಿದೆ. ನೀರು ತುಂಬಿದರೆ ಹತ್ತು ಎಣಿಸುವುದರೊಳಗೆ ಖಾಲಿ. ನನ್ನ ಹೆಂಡತಿ ಶಾರದಾ ಅದನ್ನು ಎರಡು ಸಲ ಕಸಕ್ಕೆ ಹಾಕಿದ್ದಾಳೆ. ಎರಡು ಸಲವೂ ನಾನು ಲುಂಗಿ ಎತ್ತಿ ಕಟ್ಟಿಕೊಂಡು ಕಸದ ಗಾಡಿಯ ಹಿಂದೆ ಓಡಿ ತಂದಿದ್ದೇನೆ.

“ಬಚ್ಚಲದಾಗ ಇರೋ ಸಾಮಾನು ಬ್ಯಾಗಿನ್ಯಾಗ ಯಾಕ್ರೀ? ಅದೂ ಒಡದದ್ದು!” ಎಂದು ಅವಳು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನನಗೆ ಸಿಟ್ಟು ಬರಲು ಕಾರಣವೇ ಬೇಕಿಲ್ಲ ಎಂಬುದು ಅವಳ ವಾದ. ಕಾರಣವಿಲ್ಲದೆ ನನಗೆ ಒಂದು ದಿನವೂ ಸಿಟ್ಟು ಬಂದಿಲ್ಲ ಎಂಬುದು ನನ್ನ ವಾದ. ನೀವೇ ನೋಡಿ: ಹೊಸಪೇಟೆಯಿಂದ ಸಂಡೂರಿಗೆ ಬೈಕಿನಲ್ಲಿ ಹೋಗುವಾಗ ಮುಂದಿನ ಲಾರಿಯವನು ಅದಿರಿನ ಮೇಲೆ ತಾಡಪಾಲು ಕಟ್ಟಿರುವುದಿಲ್ಲ. ಊರು ಮುಟ್ಟುವ ಹೊತ್ತಿಗೆ ನನ್ನ ಬಿಳಿ ಅಂಗಿ, ಹುಬ್ಬು, ಮೂಗಿನ ಹೊಳ್ಳೆ ಎಲ್ಲವೂ ಕೆಂಪು. ಇದಕ್ಕೆ ಸಿಟ್ಟು ಬರದವನು ಋಷಿಯಾಗಿರಬೇಕು, ಇಲ್ಲವೇ ಆ ಲಾರಿಯ ಮಾಲೀಕನಾಗಿರಬೇಕು.

ನಿಜ ಹೇಳಬೇಕೆಂದರೆ ಈ ಸಿಟ್ಟು ನನಗೆ ಕಂಪ್ಲಿಯಿಂದ ಬಂದದ್ದು. ಅಪ್ಪ ಅಲ್ಲಿ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಗಿರಣಿಯಲ್ಲಿ ಯಾರ ಮೇಲೂ ರೇಗುವಂತಿರಲಿಲ್ಲವಾದ್ದರಿಂದ ಅಷ್ಟನ್ನೂ ಮನೆಗೆ ತಂದು ರೇಡಿಯೋ ಮೇಲೆ ಹಾಕುತ್ತಿದ್ದ. ಅದು ಹಳೆಯ ವಾಲ್ವ್ ರೇಡಿಯೋ, ಎರಡು ತಂತಿಯದು. ಒಂದು ತಂತಿ ಮಾಳಿಗೆಯ ಮೇಲಿನ ಏರಿಯಲ್ ಕಂಬಕ್ಕೆ ಹೋದರೆ, ಇನ್ನೊಂದು ಹಿತ್ತಿಲಿನ ಬಚ್ಚಲ ಪಕ್ಕ ನೆಲದಲ್ಲಿ ಹೂತ ಕಬ್ಬಿಣದ ಗೂಟಕ್ಕೆ ಹೋಗುತ್ತಿತ್ತು. ಅದನ್ನು ಅರ್ಥ್ ಎನ್ನುತ್ತಿದ್ದರು. ಗೂಟದ ಸುತ್ತ ನೆಲ ಹಸಿಯಾಗಿದ್ದರೆ ಸುದ್ದಿ ಸ್ಪಷ್ಟವಾಗಿ ಬರುತ್ತಿತ್ತು, ಒಣಗಿದರೆ ಬರೀ ಗೊರಗೊರ. ಸಂಜೆ ಸುದ್ದಿಯ ಹೊತ್ತಿಗೆ ಒಳಗಿನಿಂದ ಅಪ್ಪನ ಕೂಗು ಬರುತ್ತಿತ್ತು.

“ಯಾರ್ಲೇ ಅಲ್ಲಿ? ಗೂಟದ ಮ್ಯಾಲ ಕೈ ತೊಳೀರಿ!”

ನಾವು ಐದು ಮಕ್ಕಳು, ಉಂಡಿರಲಿ ಬಿಡಲಿ, ಸಾಲಾಗಿ ನಿಂತು ಆ ಗೂಟದ ಮೇಲೆ ಕೈ ತೊಳೆಯುತ್ತಿದ್ದೆವು. ಒಳಗೆ ಗೊರಗೊರ ನಿಂತು ವಾರ್ತೆ ಓದುವವರ ಗಂಟಲು ತಿಳಿಯಾಗುತ್ತಿತ್ತು. ನಾವು ಕೈ ತೊಳೆದರೇ ದೆಹಲಿಯವರು ಮಾತಾಡುವುದು ಎಂದು ನನ್ನ ಕಿರಿಯ ತಂಗಿ ಬಹಳ ವರ್ಷ ನಂಬಿದ್ದಳು. ರೇಡಿಯೋ ರಿಪೇರಿಯ ಹುಚ್ಚು ನನಗೆ ಹತ್ತಿದ್ದು ಆ ಬಚ್ಚಲಲ್ಲೇ. ಮುಂದೆ ಅದೇ ಹೊಟ್ಟೆಪಾಡಾಯಿತು.

ಈಗ ಹೊಟ್ಟೆಪಾಡಿನ ವಿಷಯ. ಸಂಡೂರಿನ ಗುಡ್ಡಗಳಲ್ಲಿ ಒಂದು ಕಬ್ಬಿಣದ ಅದಿರಿನ ಗಣಿ ಇದೆ, ಹೆಸರು ಬೇಡ. ಅಲ್ಲಿಯ ಪೇಜರ್ ವ್ಯವಸ್ಥೆಯನ್ನು ನೋಡಿಕೊಳ್ಳುವವನು ನಾನು. “ಪೇಜರ್ರಾ? ಇನ್ನೂ ಐತೇನ್ರೀ?” ಎಂದು ನೀವೂ ಕೇಳಬೇಡಿ. ಹಂಪಿ ನೋಡಲು ಬಂದಿದ್ದ ನನ್ನ ಷಡ್ಡಕ ಹಾಗೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಅವನನ್ನು ಕಮಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿಸಿ, ಮುಂದಿನ ಹಂಪಿ ನೀನೇ ನೋಡಿಕೋ ಎಂದು ಬಂದುಬಿಟ್ಟೆ.

ಗಣಿಯಲ್ಲಿ ಬಂಡೆ ಸಿಡಿಸಲು ಮದ್ದು ತುಂಬಿದ ಕುಳಿಗಳ ಹತ್ತಿರ ಮೊಬೈಲು, ವಾಕಿಟಾಕಿ ಒಯ್ಯುವಂತಿಲ್ಲ. ಅವು ಹೊರಗೆ ಬಿಡುವ ತರಂಗಕ್ಕೆ, ಮದ್ದಿಗೆ ಕಿಡಿ ಹಚ್ಚುವ ಕೇಪು ತಾನೇ ಸಿಡಿದುಬಿಟ್ಟರೆ ಎಂಬ ಭಯ. ಪೇಜರು ಹಾಗಲ್ಲ. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಆ ಪುಟ್ಟ ಡಬ್ಬಿ ಬಂದ ಸುದ್ದಿಯನ್ನು ಕೇಳಿಸಿಕೊಳ್ಳುತ್ತದೆಯೇ ಹೊರತು ತಿರುಗಿ ಒಂದು ಮಾತಾಡುವುದಿಲ್ಲ. ಗುಡ್ಡದ ಬುಡದ ಆಫೀಸಿನಲ್ಲಿ ಒತ್ತಿದ ಅಂಕಿಗಳು ಕೇಬಲ್ಲಿನಲ್ಲಿ ನೆತ್ತಿಯ ಮೇಲಿನ ಒಂದು ಕೋಣೆಗೆ ಹೋಗುತ್ತವೆ. ಅಲ್ಲಿರುವ ಟ್ರಾನ್ಸ್‌ಮಿಟರು ಅವನ್ನು ಗಾಳಿಗೆ ಬಿಡುತ್ತದೆ. ಗಣಿಯಲ್ಲಿ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯುತ್ತಾರಲ್ಲ, ಆ ಒಂದೊಂದು ಮೆಟ್ಟಿಲಿಗೂ ಬೆಂಚು ಎಂದು ಹೆಸರು. ಪೇಜರಿನಲ್ಲಿ ‘ಮೂರು’ ಎಂದು ಬಂದರೆ ಮಧ್ಯಾಹ್ನದ ಸಿಡಿತ ಮೂರನೇ ಬೆಂಚಿನಲ್ಲಿ, ಅಲ್ಲಿರುವವರೆಲ್ಲ ಜಾಗ ಖಾಲಿ ಮಾಡಬೇಕು ಎಂದು ಅರ್ಥ.

ಕಳೆದ ಬೇಸಿಗೆಯಲ್ಲಿ ಗಣಿಯ ಸುರಕ್ಷತಾ ಅಧಿಕಾರಿ ನಾಗರಾಜನ ಫೋನು ಬಂತು. ಮರಿಯಮ್ಮನಹಳ್ಳಿಯವನು. ಮನೆಗೆ ಬೆಂಕಿ ಬಿದ್ದರೂ ‘ಸ್ವಲ್ಪ ಬಿಸಿ ಆಗೈತ್ರಿ’ ಎನ್ನುವಷ್ಟು ವಿನಯ.

“ಸರ್, ಸ್ವಲ್ಪ ತೊಂದ್ರಿ ಆಗೈತ್ರಿ. ಮೂರು ಅಂತ ಕಳಿಸಿದ್ರ ಏಳು ಅಂತ ಬರಕತ್ತೈತ್ರಿ.”

“ಮೂರು ಹೋಗಿ ಏಳಾದ್ರ ಸ್ವಲ್ಪ ತೊಂದ್ರಿ ಏನಲೇ ಅದು?” ಎಂದು ನಾನು ಕೂಗಿದೆ. ಅವನು ತಣ್ಣಗೆ ಉಳಿದದ್ದನ್ನೂ ಹೇಳಿದ. ಹಿಂದಿನ ದಿನ ಮೂರನೇ ಬೆಂಚಿನಲ್ಲಿ ಅದಿರು ಅಗೆಯುವ ದೊಡ್ಡ ಯಂತ್ರ ನಡೆಸುತ್ತಿದ್ದ ಹೊನ್ನೂರಪ್ಪ, ಪೇಜರಿನಲ್ಲಿ ಏಳು ನೋಡಿ ಕೆಲಸ ಮುಂದುವರಿಸಿದ್ದ. ಕ್ಯಾಬಿನ್ನಿನ ಗಾಜು ಮುಚ್ಚಿ ಏಸಿ ಹಾಕಿಕೊಂಡಿದ್ದವನಿಗೆ ಸೈರನ್ನೂ ಕೇಳಿಸಿರಲಿಲ್ಲ. ಕಾವಲುಗಾರನೊಬ್ಬ ಕೆಂಪು ಬಾವುಟ ಹಿಡಿದು ಓಡಿ ಬಂದು ಎಳೆದುಕೊಂಡು ಹೋಗದಿದ್ದರೆ ಹೊನ್ನೂರಪ್ಪ ಇರುತ್ತಿರಲಿಲ್ಲ.

ಮೊದಲ ದಿನ ಬೆಳಿಗ್ಗೆ ಗುಡ್ಡ ಹತ್ತಿದೆ. ನಾಗರಾಜ ಆಫೀಸಿನಿಂದ ಮೂರು ಕಳಿಸಿದರೆ ನನ್ನ ಕೈಯಲ್ಲಿ ಮೂರೇ ಬಂತು. ನಾಲ್ಕಕ್ಕೆ ನಾಲ್ಕು, ಐದಕ್ಕೆ ಐದು. ಎಲ್ಲ ಸರಿ ಇದೆ ಎಂದು ಕೆಳಗಿಳಿದೆ. ಮಧ್ಯಾಹ್ನ ಮತ್ತೆ ಫೋನು: ಮೂರಕ್ಕೆ ಏಳು. ಯಂತ್ರಗಳ ಈ ಗುಣ ನನಗೆ ಮೈ ಉರಿಸುತ್ತದೆ. ಡಾಕ್ಟರ ಮುಂದೆ ಮಾಯವಾಗಿ ಮನೆಗೆ ಬಂದ ಕೂಡಲೇ ಶುರುವಾಗುವ ಹೊಟ್ಟೆನೋವಿನ ಹಾಗೆ.

ಮತ್ತೆ ಹತ್ತಿದೆ. ಕೇಬಲ್ಲು ಬದಲಿಸಿದೆ. ಕನೆಕ್ಟರುಗಳನ್ನು ಬಿಚ್ಚಿ ಕೆಂಪು ದೂಳು ಒರೆಸಿದೆ. ಏರಿಯಲ್ಲು ನೋಡಿದೆ, ಬ್ಯಾಟರಿ ನೋಡಿದೆ. ಅಲೆ ತೋರಿಸುವ ಸ್ಕೋಪು ಹಚ್ಚಿದರೆ, ಅದರ ಪರದೆಯ ಮೇಲೆ ಚೌಕಚೌಕವಾಗಿ ಬರಬೇಕಾದ ಡೇಟಾ ಅಲೆ ಮಲೇರಿಯಾ ಬಂದವರಂತೆ ನಡುಗುತ್ತಿತ್ತು. ಯಂತ್ರ ಮಾರಿದ ಕಂಪನಿಗೆ ಫೋನು ಮಾಡಿದರೆ, ಬಾಯಲ್ಲಿ ಏನೋ ಜಗಿಯುತ್ತಿದ್ದ ಒಬ್ಬ ಮಹಾನುಭಾವ “ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಿ ಸರ್” ಎಂದ. ನಾನು ಅವನಿಗೆ ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯುವಂತಿಲ್ಲ.

ಎರಡನೇ ದಿನವೂ ಅದೇ ಹಾಡು. ಸಂಜೆಯ ಹೊತ್ತಿಗೆ ನನ್ನ ತಲೆ ಕಾದ ಹಂಚಾಗಿತ್ತು. ಯಂತ್ರ ಸರಿ ಇದೆ, ಕೇಬಲ್ಲು ಹೊಸದು, ನಾನು ತಪ್ಪು ಮಾಡುವವನಲ್ಲ. ಅಂದಮೇಲೆ ಯಾರೋ ಏನೋ ಮುಟ್ಟಿರಬೇಕು.

“ಈ ರೂಮಿಗೆ ಯಾರ್ಯಾರು ಬರ್ತಾರ?” ಎಂದು ನಾಗರಾಜನನ್ನು ಕೇಳಿದೆ.

“ನೀವು ಬಿಟ್ರ ಹುಲಿಗೆಮ್ಮ ಒಬ್ಬಾಕಿನ್ರಿ. ಕಸ ಹೊಡಿಯಾಕ.”

ಹುಲಿಗೆಮ್ಮ ಹದಿನಾಲ್ಕು ವರ್ಷದಿಂದ ಅಲ್ಲಿ ಕಸ ಗುಡಿಸುವವಳು. ನನ್ನದೇ ವಯಸ್ಸು, ಅಥವಾ ಒಂದೆರಡು ವರ್ಷ ಹೆಚ್ಚು. ಕರೆಸಿದೆ.

“ಏನು ಮುಟ್ಟಿದಿ ಒಳಗ?”

“ಏನೂ ಮುಟ್ಟಿಲ್ರಿ ಸರ್. ನೀವು ಬ್ಯಾಡ ಅಂದಮ್ಯಾಲ ಯಾವ್ದನ್ನೂ ಮುಟ್ಟಿಲ್ರಿ.”

ಈ ಮಾತನ್ನು ನಾನು ಕೇಳಿದೆ, ಆದರೆ ಕೇಳಿಸಿಕೊಳ್ಳಲಿಲ್ಲ. ವರದಿಯ ‘ದೋಷದ ಕಾರಣ’ ಎಂಬ ಕಡೆ, ‘ಸಂಬಂಧವಿಲ್ಲದ ವ್ಯಕ್ತಿ ಉಪಕರಣ ಮುಟ್ಟಿರುವ ಸಾಧ್ಯತೆ’ ಎಂದು ಬರೆದು ಸಹಿ ಹಾಕಿದೆ. ಸಿಟ್ಟಿನಲ್ಲಿ ನನ್ನ ಅಕ್ಷರ ಬಹಳ ದುಂಡಗೆ ಬರುತ್ತದೆ. ಮರುದಿನ, ಶುಕ್ರವಾರ ಬೆಳಿಗ್ಗೆ, ಮ್ಯಾನೇಜರು ಹುಲಿಗೆಮ್ಮನಿಗೆ ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದು ಹೇಳಿದರಂತೆ. ನನ್ನ ವರದಿಯನ್ನು ಎತ್ತಿ ತೋರಿಸಿಯೇ ಹೇಳಿದರಂತೆ. ಗಂಡ ಇಲ್ಲ, ಮಗ ಹಾಸಿಗೆ ಹಿಡಿದಿದ್ದಾನೆ, ಸೊಸೆ ಬಾಣಂತಿ, ಮನೆಯಲ್ಲಿ ದುಡಿಯುವುದು ಅವಳೊಬ್ಬಳೇ ಎಂದು ನಾಗರಾಜ ನೆಲ ನೋಡುತ್ತ ಹೇಳಿದ.

“ಹಂಗಾದ್ರ ಮುಟ್ಟಬಾರದಾಗಿತ್ತು,” ಎಂದೆ. ಹೌದು, ಹಾಗೇ ಎಂದೆ. ನನ್ನ ಬಾಯಿಯಿಂದಲೇ ಬಂದ ಮಾತು.

ಆ ಶುಕ್ರವಾರ ಮಧ್ಯಾಹ್ನ ಅದಿರು ಪುಡಿ ಮಾಡುವ ಕ್ರಷರು ಕೆಳಗೆ ಗುಡುಗುಡು ಎನ್ನುತ್ತಿತ್ತು. ನಾಗರಾಜ ನಿಮಿಷಕ್ಕೊಂದು ಸಲ ಆಫೀಸಿನಿಂದ ಮೂರು ಕಳಿಸುವಂತೆ ಹೇಳಿ, ಮೇಲೆ ಬಂದು ಪೇಜರು ಹಿಡಿದು ಕೂತಿದ್ದ. ಏಳು, ಏಳು, ಒಮ್ಮೆ ಏನೂ ಇಲ್ಲ, ಮತ್ತೆ ಏಳು. ನಾನು ಹಸಿವು ತಾಳಲಾರದೆ ಕೋಣೆಯ ಹಿಂದೆ, ಪಶ್ಚಿಮದ ಗೋಡೆಯ ಸೂರಿನ ನೆರಳಿನ ಒಂದು ಗೇಣು ಜಾಗದಲ್ಲಿ ಕೂತು ಬುತ್ತಿ ಬಿಚ್ಚಿದೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ. ಉಂಡು, ಬಾಟಲಿಯ ನೀರಿನಲ್ಲಿ ಅಲ್ಲೇ ಕೈ ತೊಳೆದೆ. ಉಳಿದ ನೀರನ್ನೂ ಸಿಟ್ಟಿನಿಂದ ಅಲ್ಲೇ ಸುರಿದೆ. ಬಾಯಿ ಬಿಟ್ಟ ನೆಲ ಗಟಗಟ ಕುಡಿಯಿತು.

“ಸರ್! ಮೂರು ಬಂತ್ರಿ!” ನಾಗರಾಜ ಒಳಗಿನಿಂದ ಕೂಗಿದ. “ಮತ್ತ ಮೂರು! ಏನ್ ಮಾಡಿದ್ರಿ ಸರ್?”

ನಾನು ಏನೂ ಮಾಡಿರಲಿಲ್ಲ. ಕೈ ತೊಳೆದಿದ್ದೆ, ಅಷ್ಟೇ.

ಐವತ್ತು ವರ್ಷದ ಹಿಂದಿನ ಕಂಪ್ಲಿಯ ಬಚ್ಚಲು ನನ್ನ ಕಣ್ಣಿಗೆ ಕಟ್ಟಿತು. ಗೂಟದ ಮ್ಯಾಲ ಕೈ ತೊಳೀರಿ! ಕೆಳಗೆ ನೋಡಿದೆ. ನನ್ನ ಎಂಜಲು ನೀರು ಹರಿದಿದ್ದ ಕಡೆ ಒಂದು ಸಣ್ಣ ಸಿಮೆಂಟಿನ ಮುಚ್ಚಳ. ಅದರ ಮೇಲೆ ಒಣಗಿ ಹಕ್ಕಳೆ ಎದ್ದ ಕುಂಕುಮ, ಅಳಿದುಳಿದ ವಿಭೂತಿಯ ಮೂರು ಗೆರೆ, ಕರಕಲಾದ ಕಣಗಿಲೆ ಹೂವಿನ ತೊಟ್ಟು. ಮುಚ್ಚಳ ಎತ್ತಿದರೆ ಒಳಗೆ ಇದ್ದಿಲು, ಉಪ್ಪು, ನಡುವೆ ಅರ್ಥಿನ ತಾಮ್ರದ ಪಟ್ಟಿ. ನಕ್ಷೆಯಲ್ಲಿ ಈ ಕುಳಿ ಕೋಣೆಯ ಪೂರ್ವಕ್ಕಿದೆ. ನಾಲ್ಕು ವರ್ಷದಿಂದ ಪ್ರತಿ ಭೇಟಿಯಲ್ಲೂ ನಾನು ಕುಳಿಯನ್ನು ನೋಡದೆಯೇ, ನಕ್ಷೆಯನ್ನು ನಂಬಿ, ‘ಅರ್ಥ್ ಸರಿ ಇದೆ’ ಎಂಬ ಕಡೆ ಟಿಕ್ ಹಾಕುತ್ತ ಬಂದಿದ್ದೆ.

ವಿಷಯ ಇಷ್ಟೇ. ಡೇಟಾ ಎಂದರೆ ಸೊನ್ನೆ ಮತ್ತು ಒಂದು, ಕೆಳಗಿನ ಮಟ್ಟ ಮತ್ತು ಮೇಲಿನ ಮಟ್ಟ. ಆಫೀಸಿನ ಯಂತ್ರಕ್ಕೂ ಗುಡ್ಡದ ಮೇಲಿನ ಯಂತ್ರಕ್ಕೂ ನೆಲ ಎಲ್ಲಿದೆ ಎಂಬುದರಲ್ಲಿ ಒಮ್ಮತ ಇರಬೇಕು. ಒಬ್ಬರ ಸೇರು ದೊಡ್ಡದು, ಇನ್ನೊಬ್ಬರ ಸೇರು ಚಿಕ್ಕದಾದರೆ ಭತ್ತದ ಲೆಕ್ಕ ಹೇಗೆ ಕೂಡೀತು? ಕುಳಿ ಒಣಗಿ ಗುಡ್ಡದ ಮೇಲಿನ ನೆಲದ ಹಿಡಿತ ತಪ್ಪಿತ್ತು. ಕ್ರಷರಿನ ಮೋಟರು ತಿರುಗಿದಾಗಲೆಲ್ಲ ಆ ಮಟ್ಟ ಓಲಾಡುತ್ತಿತ್ತು, ಸೊನ್ನೆ ಒಂದಾಗುತ್ತಿತ್ತು, ಮೂರು ಏಳಾಗುತ್ತಿತ್ತು. ಬೆಳಿಗ್ಗೆ ಕ್ರಷರು ನಿಂತಿರುವಾಗ ನಾನು ಹೋಗಿ ಎಲ್ಲ ಸರಿ ಎಂದು ಬರುತ್ತಿದ್ದೆ.

ಹಾಗಾದರೆ ಇಷ್ಟು ವರ್ಷ ಯಾಕೆ ಒಣಗಲಿಲ್ಲ? ಇದಕ್ಕೆ ಉತ್ತರ ನನಗೆ ಗೊತ್ತಿತ್ತು.

ಶಿವರಾತ್ರಿ ಮುಗಿದ ವಾರ ಅಲ್ಲಿಗೆ ಹೋಗಿದ್ದೆ. ಅವತ್ತೂ ದಾರಿಯಲ್ಲಿ ಲಾರಿ ದೂಳು, ಅವತ್ತೂ ನನ್ನ ಅಂಗಿ ಕೆಂಪು. ಕೋಣೆಯ ಹಿಂದೆ ಬಂದರೆ ಹುಲಿಗೆಮ್ಮ ಒಂದು ಕಲ್ಲಿಗೆ ಕುಂಕುಮ ಹಚ್ಚಿ, ಹೂವಿಟ್ಟು, ನೀಲಿ ಚೊಂಬಿನಿಂದ ನೀರೆರೆಯುತ್ತಿದ್ದಳು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ.

“ಇದೇನು ಗುಡಿ ಅಂದ್ಕೊಂಡೀ ಏನು? ಕರೆಂಟಿರೋ ಜಾಗದಾಗ ನೀರು ಹಾಕ್ತಿ? ಸಾಯ್ತಿ ಏನು?”

“ಸರ್, ಹಳೇ ಮೇಸ್ತ್ರಿಯಾರು ದಿನಾ ಹಾಕು ಅಂತ...”

“ಬಾಯಿ ಮುಚ್ಚು!”

ಚೊಂಬು ಕಿತ್ತುಕೊಂಡು ಗುಡ್ಡದ ಕೆಳಗೆ ಬೀಸಿ ಒಗೆದಿದ್ದೆ. ಅದು ಕಲ್ಲಿಂದ ಕಲ್ಲಿಗೆ ಪುಟಿಯುತ್ತ ಹೋದ ಸದ್ದು ಈಗಲೂ ಕಿವಿಯಲ್ಲಿದೆ. ಕೆಳಗಿನ ಬೆಂಚಿನವರು ಕೆಲಸ ನಿಲ್ಲಿಸಿ ಮೇಲೆ ನೋಡಿದ್ದರು. ಹಳೇ ಮೇಸ್ತ್ರಿ ಎಂದರೆ ನನಗಿಂತ ಮೊದಲು ಈ ಯಂತ್ರ ನೋಡಿಕೊಳ್ಳುತ್ತಿದ್ದವರು, ಈಗಿಲ್ಲ. ದಿನಾ ಒಂದು ಚೊಂಬು ನೀರು ಹಾಕು ಎಂದು ಹೇಳಿದ್ದರೇ ಹೊರತು ಯಾಕೆಂದು ಹೇಳಿರಲಿಲ್ಲವಂತೆ. ದಿನಾ ನೀರು ಬೇಡುವಂಥದ್ದು ದೇವರೇ ಇರಬೇಕು ಎಂದು ಅವಳು ಕುಂಕುಮವನ್ನೂ ಸೇರಿಸಿದ್ದಳು. ಅವಳು ದೇವರೆಂದು ತಿಳಿದು ನೀರು ಹಾಕಿದಳು, ಯಂತ್ರ ಬಲ್ಲ ನಾನು ಕಲ್ಲೆಂದು ತಿಳಿದು ನಿಲ್ಲಿಸಿದೆ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಹೊನ್ನೂರಪ್ಪ ಸತ್ತಿದ್ದರೆ ಕೊಂದವನು ನಾನು. ಶಿಕ್ಷೆ ಮಾತ್ರ ಹುಲಿಗೆಮ್ಮನಿಗೆ ಬರೆದುಕೊಟ್ಟಿದ್ದೆ, ಅದೂ ದುಂಡನೆಯ ಅಕ್ಷರದಲ್ಲಿ.

ಮ್ಯಾನೇಜರ ಕೋಣೆಗೆ ಹೋಗಿ ನನ್ನ ವರದಿ ವಾಪಸು ಕೇಳಿದೆ. ಆ ಸಾಲು ಹೊಡೆದುಹಾಕಿ ಕೆಳಗೆ ಬರೆದೆ: ‘ಅರ್ಥ್ ಕುಳಿಗೆ ನೀರು ನಿಲ್ಲಿಸಿದ್ದು. ನಿಲ್ಲಿಸಿದವರು: ಪಂಪಾಪತಿ, ಟೆಕ್ನಿಷಿಯನ್.’

ಮ್ಯಾನೇಜರು ಓದಿ ನಕ್ಕರು. “ನಿಮ್ಮ ಹೆಸ್ರು ಯಾಕ್ರೀ ಇದ್ರಾಗ? ಬ್ಯಾಸಿಗಿ, ನೆಲ ಒಣಗೇತಿ ಅಂತ ಬರೀರಿ ಸಾಕು. ಆಕಿದು ಆರ್ಡರ್ ಹೆಂಗೂ ಆಗಿಬಿಟ್ಟೈತಿ, ಇರ್ಲಿ ಬಿಡ್ರಿ. ಕಸ ಹೊಡಿಯಾಕ ಬ್ಯಾರೆಯವ್ರು ಸಿಗ್ತಾರ.”

ನನ್ನ ಜೀವಮಾನದ ಸಿಟ್ಟುಗಳಲ್ಲಿ ಬಹುಪಾಲು ದಂಡ ಎಂದು ಈಗ ಒಪ್ಪುತ್ತೇನೆ. ಆದರೆ ಆ ಹೊತ್ತು ಬಂದ ಸಿಟ್ಟಿನ ಬಗ್ಗೆ ನನಗೆ ಇವತ್ತಿಗೂ ನಾಚಿಕೆಯಿಲ್ಲ. ವಿಚಿತ್ರವೆಂದರೆ ಕೂಗಲೂ ಆಗಲಿಲ್ಲ.

“ಯಂತ್ರ ಸರಿ ಐತಿ ಅಂತ ನನ್ನ ಸಹಿ ಇಲ್ದ ನೀವು ಒಂದು ಕುಳೀನೂ ಸಿಡಿಸಂಗಿಲ್ಲ,” ಎಂದೆ. “ಆಕಿ ಆರ್ಡರ್ ನನ್ನ ಮುಂದ ಹರೀರಿ. ಅಲ್ಲೀತನ ಈ ಪೆನ್ನಿನ ಟೋಪಿ ತಗಿಯಂಗಿಲ್ಲ.”

ಅವರು ನನ್ನನ್ನೂ ಗೋಡೆಯ ಗಡಿಯಾರವನ್ನೂ ಎರಡೆರಡು ಸಲ ನೋಡಿದರು. ಆಮೇಲೆ ಹರಿದರು. ಮುಂದಿನ ವರ್ಷ ನನಗೆ ಈ ಗುತ್ತಿಗೆ ಕೆಲಸ ಕೊಡುತ್ತಾರೋ ಇಲ್ಲವೋ ಗೊತ್ತಿಲ್ಲ.

ಆ ಸಂಜೆ ಗುಡ್ಡದ ಇಳಿಜಾರಿನಲ್ಲಿ ಜಾಲಿ ಮುಳ್ಳು ಚುಚ್ಚಿಸಿಕೊಳ್ಳುತ್ತ ಚೊಂಬು ಹುಡುಕಿದೆ. ಸಿಕ್ಕಿತು, ತಳ ಒಡೆದು. ಶನಿವಾರ ಬೆಳಿಗ್ಗೆ ಹೊಸಪೇಟೆಯಲ್ಲಿ ಒಂದು ಸ್ಟೀಲಿನ ಕೊಡ ಕೊಂಡು, ಬೈಕಿನ ಹಿಂದೆ ಕಟ್ಟಿಕೊಂಡು ಹೋದೆ. ಹುಲಿಗೆಮ್ಮ ಕೆಲಸಕ್ಕೆ ಬಂದಿದ್ದಳು. ನನ್ನನ್ನು ಕಂಡು ಪೊರಕೆ ಹಿಡಿದುಕೊಂಡೇ ಪಕ್ಕಕ್ಕೆ ಸರಿದಳು.

“ತಪ್ಪಾತು ಹುಲಿಗೆಮ್ಮ. ಮೊದಲಿನಂಗ ದಿನಾ ನೀರು ಹಾಕು,” ಎಂದೆ. ಕೊಡ ಮುಂದಿಟ್ಟೆ. ಒಡಕು ಚೊಂಬನ್ನೂ ತೋರಿಸಿದೆ.

ಅವಳು ಚೊಂಬನ್ನು ತಿರುಗಿಸಿ ತಳ ನೋಡಿದಳು. ನನ್ನ ಕೈಗೇ ವಾಪಸು ಕೊಟ್ಟಳು. “ಇದು ನಿಮ್ಮಲ್ಲೇ ಇರ್ಲಿ ಬಿಡ್ರಿ. ಆದ್ರ ನೀರು ನಾ ಹಾಕಂಗಿಲ್ರಿ. ಒಬ್ರು ಹಾಕು ಅಂತಾರ, ಒಬ್ರು ಬ್ಯಾಡ ಅಂತಾರ, ನಡುವ ನನ್ನ ಕೂಳು ಹೋಗ್ತೈತಿ. ಹಾಕು ಅಂತ ಬರದು ಕೊಡ್ರಿ.”

ನಾಗರಾಜ ಬೆಂಚಿನ ಗುರುತು ಬರೆಯುವ ಬಿಳಿ ಬಣ್ಣ ತಂದುಕೊಟ್ಟ. ಪಶ್ಚಿಮದ ಗೋಡೆಯ ಮೇಲೆ, ಕುಳಿಯ ನೇರಕ್ಕೆ, ದೊಡ್ಡ ಅಕ್ಷರಗಳಲ್ಲಿ ಬರೆದೆ: ‘ಈ ಕುಳಿಗೆ ದಿನಾ ಒಂದು ಕೊಡ ನೀರು ಹಾಕಬೇಕು. ಹಾಕುವವರನ್ನು ಯಾರೂ ತಡೆಯಬಾರದು. ಪಂಪಾಪತಿ.’ ಈ ಸಲ ಅಕ್ಷರ ದುಂಡಗೆ ಬರಲಿಲ್ಲ.

ಹುಲಿಗೆಮ್ಮ ಗೋಡೆಯನ್ನು ಮೇಲಿಂದ ಕೆಳಗೆ ನೋಡಿದಳು. “ನನಗ ಓದಾಕ ಬರಂಗಿಲ್ಲ. ಓದಿ ಹೇಳ್ರಿ.”

ಓದಿದೆ.

“ಹಂಗಲ್ರಿ. ಅವತ್ತು ಬೈದ್ರಲ್ಲ, ಅಷ್ಟು ಜೋರಾಗಿ ಓದ್ರಿ.”

ಗಂಟಲು ಕೆರೆದು, ಅವತ್ತು ಬೈದಷ್ಟೇ ಜೋರಾಗಿ ಓದಿದೆ. ಕೆಳಗೆ ಮೂರನೇ ಬೆಂಚಿನಲ್ಲಿ, ಈಗ ಗಾಜು ತೆರೆದಿಟ್ಟೇ ಕೆಲಸ ಮಾಡುತ್ತಿದ್ದ ಹೊನ್ನೂರಪ್ಪ ಯಂತ್ರ ನಿಲ್ಲಿಸಿ, ಕ್ಯಾಬಿನ್ನಿನಿಂದ ತಲೆ ಹೊರಗೆ ಹಾಕಿ ಮೇಲೆ ನೋಡಿದ. ಹುಲಿಗೆಮ್ಮ ಕೊಡವನ್ನು ಸೊಂಟಕ್ಕೆ ಇಟ್ಟುಕೊಂಡಳು.

“ಹೆಸ್ರು ಸರಿಯಾಗಿ ಕೇಳ್ಸಲಿಲ್ರಿ,” ಎಂದಳು. “ಇನ್ನೊಮ್ಮೆ.”